ಪ್ರಯೋಗದ ಬೀಗಲ್ ಮರಿಗಳು: ಲೆಕ್ಕ ಎಲ್ಲಿಂದ ಶುರುವಾಗಬೇಕು

ಪ್ರಯೋಗಕ್ಕೆಂದು ಸಾಕಿದ ನಾಯಿಗಳ ಲೆಕ್ಕವನ್ನು, ಪ್ರಾಣಿಗಳ ಸಾಕಣೆ ಮತ್ತು ಅವುಗಳ ಮೇಲಿನ ಪ್ರಯೋಗ ಕುರಿತ 1998ರ ನಿಯಮಗಳ ‘ಸಿ’ ನಮೂನೆಯಲ್ಲಿ ಇಡಬೇಕು. ಇದು ತಪ್ಪುವುದು ಹೆಚ್ಚಾಗಿ ಒಂದೇ ಕಡೆ: ಹಾಲು ಬಿಡಿಸಿದ ಮೇಲೆ ಮರಿಗಳನ್ನು ಎಣಿಸುವ ಅಭ್ಯಾಸ. ಅಷ್ಟರೊಳಗೆ ಸತ್ತವು ಲೆಕ್ಕಕ್ಕೇ ಬರುವುದಿಲ್ಲ. ತಾಯಿ ಈದ ದಿನವೇ ನಾನು ಬರೆಯುತ್ತೇನೆ. ಸತ್ತೇ ಹುಟ್ಟಿದ ಮರಿಗೂ ಒಂದು ಸಾಲು: ತಾಯಿಯ ಚರ್ಮದಡಿ ಇರುವ ಗುರುತಿನ ಚಿಪ್ ಸಂಖ್ಯೆ, ಗಂಡೋ ಹೆಣ್ಣೋ, ಎಷ್ಟು ಗ್ರಾಂ. ಸಾವಿನ ಕಾರಣ ಮರಣೋತ್ತರ ಪರೀಕ್ಷೆಯಿಂದ ಬರಬೇಕು, ಊಹೆಯಿಂದಲ್ಲ.

ಚಿಪ್ ಹಾಕುವವರೆಗೆ ಮರಿಯ ಕುತ್ತಿಗೆಗೆ ಬಣ್ಣದ ಉಣ್ಣೆ ದಾರ. ಸುಮಾರು ಹತ್ತು ದಿನದಲ್ಲಿ ತೂಕ ಇಮ್ಮಡಿಯಾಗುತ್ತದೆ, ಹಾಗಾಗಿ ದಾರವನ್ನು ದಿನಾ ಬೆರಳು ತೂರಿಸಿ ನೋಡಬೇಕು, ಇಲ್ಲದಿದ್ದರೆ ಚರ್ಮ ಕೊಯ್ಯುತ್ತದೆ. 15 ಅಂಕಿಯ ಚಿಪ್ಪನ್ನು ಭುಜಗಳ ನಡುವೆ ಹಾಕುವ ಮೊದಲೂ ಆಮೇಲೂ ಓದಿಸುತ್ತೇನೆ. ಚಿಪ್ ಸಂಖ್ಯೆಯ ಅಂಟುಚೀಟಿ ಒಂದು ರಿಜಿಸ್ಟರಿಗೆ, ಒಂದು ಗೂಡಿನ ಕಾರ್ಡಿಗೆ. ಎರಡು ಮರಿಗಳಿಗೆ ಒಟ್ಟಿಗೆ ಹಾಕಿ ಆಮೇಲೆ ಅಂಟಿಸಹೋದರೆ ಅದಲು ಬದಲಾಗುವುದು ಖಂಡಿತ.

ಆದರೆ ನಿಜವಾದ ಲೆಕ್ಕ ಗಂಡು ಹೆಣ್ಣನ್ನು ಮರಿಗಾಗಿ ಜೋಡಿ ಬಿಡುವ ಮೊದಲೇ ಶುರು. ನಿಯಮದ ಲೆಕ್ಕದಲ್ಲಿ ನಾಯಿ ದೊಡ್ಡ ಪ್ರಾಣಿ, ಆದ್ದರಿಂದ ಪ್ರಯೋಗಕ್ಕೆ ಅನುಮತಿ ಕೇಳುವ ‘ಬಿ’ ನಮೂನೆಯ ಅರ್ಜಿ ಸಂಸ್ಥೆಯ ನೈತಿಕ ಸಮಿತಿಯಲ್ಲಿ ಮುಗಿಯುವುದಿಲ್ಲ, ಕೇಂದ್ರದ ಸಮಿತಿಗೂ ಹೋಗುತ್ತದೆ. 90 ದಿನದ ವಿಷಪರೀಕ್ಷೆಗೆ ಪ್ರತಿ ಗುಂಪಿನಲ್ಲಿ 4 ಗಂಡು, 4 ಹೆಣ್ಣು. ಪರೀಕ್ಷಿಸುವ ವಸ್ತುವಿನ ಮೂರು ಪ್ರಮಾಣಕ್ಕೆ ಮೂರು ಗುಂಪು, ಒಂದು ಹೋಲಿಕೆ ಗುಂಪು, ಒಟ್ಟು 32 ನಾಯಿ. ಆರು ತಾಯಿ, ಆರಾರು ಮರಿ, 36 ಸಾಕು ಎನ್ನುವವರಿದ್ದಾರೆ. ಆದರೆ ಬೇಕಾದ 16 ಗಂಡು, 16 ಹೆಣ್ಣು ಹಾಗೆ ಸರಿಯಾಗಿ ಹುಟ್ಟುವುದಿಲ್ಲ. ಪರೀಕ್ಷೆ ಶುರುವಾಗುವಾಗ ನಾಯಿಗೆ 4ರಿಂದ 6 ತಿಂಗಳಾಗಿರುವುದು ಒಳ್ಳೆಯದು, 9 ದಾಟಬಾರದು. ಅನುಮತಿ ಬರುವ ಮೊದಲೇ ಜೋಡಿ ಬಿಟ್ಟು, ಅನುಮತಿ ತಡವಾಯಿತೆನ್ನಿ: ಇಡೀ ತಂಡ ವಯಸ್ಸು ಮೀರಿ ಯಾರಿಗೂ ಬೇಡವಾಗುತ್ತದೆ. ಗಬ್ಬ 63 ದಿನ, ಆಮೇಲೆ ಐದು ತಿಂಗಳು. ಈ ಏಳು ತಿಂಗಳನ್ನು ಯೋಜನೆಯಲ್ಲೇ ಸೇರಿಸಿ ಎಂದು ವಿಜ್ಞಾನಿಗಳಿಗೆ ಮೊದಲೇ ಹೇಳಿಬಿಡುತ್ತೇನೆ. ಅನುಮತಿ ಪತ್ರದ ಪ್ರತಿ ಕೈಗೆ ಬಾರದೆ ಜೋಡಿ ಬಿಡುವುದಿಲ್ಲ.

ಪ್ರಯೋಗದ ನಂತರದ ಆರೈಕೆ, ಪುನರ್ವಸತಿ ಸಂಶೋಧಕರ ಹೊಣೆ, ಖರ್ಚೂ ಸಂಶೋಧನೆಯ ಖರ್ಚಿನ ಭಾಗ. ಮುಂದೆ ಮನೆಯೊಂದಕ್ಕೆ ಹೊಂದಿಕೊಳ್ಳಲು ಸಿದ್ಧತೆ ಮರಿಯ ಮೂರನೇ ವಾರದಿಂದಲೇ ಆಗಬೇಕು: ಸುಮಾರು ಹನ್ನೆರಡನೇ ವಾರದವರೆಗೆ ದಿನಾ ಬೇರೆಬೇರೆ ಜನ ಎತ್ತಿಕೊಳ್ಳಬೇಕು, ಮೆಟ್ಟಿಲು, ಹುಲ್ಲು, ಪಾತ್ರೆಯ ಸದ್ದು ಪರಿಚಯವಾಗಬೇಕು. ಸಿಮೆಂಟು, ಸ್ಟೀಲು ಬಿಟ್ಟು ಬೇರೇನೂ ಕಾಣದೆ ಬೆಳೆದ ನಾಯಿ ಮನೆಯ ಹೊಸಿಲಲ್ಲೇ ನಡುಗುತ್ತಾ ಕೂರುತ್ತದೆ. ಯಾವ ದಿನ ಯಾರು ಎತ್ತಿಕೊಂಡರು ಎಂಬುದಕ್ಕೂ ಗೂಡಿನ ಕಾರ್ಡಿನಲ್ಲಿ ಒಂದು ಕಾಲಂ ಇಟ್ಟಿದ್ದೇನೆ.