ನಕಲಿ ಹೇಂಟೆ, ಪಡ್ಡೆ ಹುಂಜ

ಕಾಡು ಟರ್ಕಿ ಕೋಳಿಯ ಬೇಟೆಗೆ ಮೊದಲ ವರ್ಷ ನಾನು ಮೂರು ನಕಲಿ ಟರ್ಕಿ ಹೊತ್ತುಕೊಂಡು ಹೋಗಿದ್ದೆ. ನಿಜವಾದ ಹಕ್ಕಿಯನ್ನು ಸೆಳೆಯಲು ಹೊಲದಲ್ಲಿ ಇಡುವ ರಬ್ಬರ್ ಹಕ್ಕಿಗಳು ಇವು. ಎರಡು ಹೇಂಟೆ, ಬಾಲ ಬಿಚ್ಚಿ ನಿಂತ ಒಂದು ದೊಡ್ಡ ಹುಂಜ. ದುಡ್ಡು ಕೊಟ್ಟು ತಂದಾಗಿದೆ, ಎಲ್ಲವೂ ಹೊಲದಲ್ಲಿ ನಿಲ್ಲಲಿ ಅನ್ನೋ ಲೆಕ್ಕ. ನನಗೆ ಬೇಟೆ ಕಲಿಸುತ್ತಿದ್ದ ಪಕ್ಕದ ಮನೆಯ ಮುದುಕರು ಅದನ್ನು ನೋಡಿ, "ಏನು, ಕೋಳಿ ಅಂಗಡಿ ಇಡ್ತಿದೀಯಾ?" ಅಂದರು. ಅಂದಿದ್ದು ಇಂಗ್ಲಿಷಿನಲ್ಲಿ, ಆದರೆ ಅರ್ಥ ಇಷ್ಟೇ.

ನಾನು ತೀರ್ಥಹಳ್ಳಿ ಕಡೆಯವನು. ಈಗ ಇರುವುದು ಅಮೆರಿಕದ ಮಿಸೌರಿಯಲ್ಲಿ, ಸೇಂಟ್ ಲೂಯಿಸ್ ಹತ್ತಿರ. ಗ್ರೀನ್ ಕಾರ್ಡ್ ಬಂದ ಮೇಲೆ ಬೇಟೆ ಶಿಕ್ಷಣದ ಕೋರ್ಸ್ ಮುಗಿಸಿ, ಪರ್ಮಿಟ್ ತೆಗೆದುಕೊಂಡು ಶುರು ಮಾಡಿದೆ. ಊರಲ್ಲಿ ಇದನ್ನು ಹೇಳಿದರೆ ಹುಬ್ಬೇರಿಸುತ್ತಾರೆ. ಅಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆ ಅಂದರೆ ಅಪರಾಧ. ಇಲ್ಲಿ ಕಥೆ ಬೇರೆ. 1950ರ ಹೊತ್ತಿಗೆ ಮಿಸೌರಿಯಲ್ಲಿ ಕಾಡು ಟರ್ಕಿ ಹೆಚ್ಚುಕಡಿಮೆ ಮುಗಿದೇ ಹೋಗಿತ್ತಂತೆ. ಉಳಿದ ಹಕ್ಕಿಗಳನ್ನು ಬಲೆ ಹಾಕಿ ಹಿಡಿದು ಬೇರೆ ಬೇರೆ ಕಾಡಿಗೆ ಬಿಟ್ಟು ಬೆಳೆಸಿದರು. 1960ರಲ್ಲಿ ವಸಂತದ ಬೇಟೆಯನ್ನು ಮತ್ತೆ ತೆರೆದರು. ಈಗ ಏಪ್ರಿಲ್ ಮೂರನೇ ವಾರದ ಹೊತ್ತಿಗೆ ಶುರುವಾಗಿ ಮೂರು ವಾರ ನಡೆಯುತ್ತದೆ. ಒಬ್ಬರಿಗೆ ಎರಡೇ ಹಕ್ಕಿ. ಅದೂ ಹುಂಜ, ಇಲ್ಲವೇ ಎದೆಯಲ್ಲಿ ಗಡ್ಡ, ಅಂದರೆ ಕೂದಲಿನಂಥ ಗರಿಗಳ ಗೊಂಚಲು, ಕಾಣುವ ಹಕ್ಕಿ ಮಾತ್ರ.

ನಕಲಿ ಹಕ್ಕಿ ಇಡುವುದು ನಮಗೇನೂ ಹೊಸತಲ್ಲ. ಹಳಗನ್ನಡದಲ್ಲಿ ಇದಕ್ಕೆ ದೀವ ಅನ್ನೋ ಪದವೇ ಇದೆ. ಸಾಕಿದ ಗೌಜಲ ಹಕ್ಕಿಯನ್ನು ಪಂಜರದಲ್ಲಿಟ್ಟು, ಅದು ಕೂಗಿದಾಗ ಜಗಳಕ್ಕೆ ಬರುವ ಕಾಡಿನ ಗೌಜಲನ್ನು ಹಿಡಿಯುತ್ತಿದ್ದ ಕಥೆ ನಮ್ಮಜ್ಜ ಹೇಳುತ್ತಿದ್ದರು. ಮಿಸೌರಿಯಲ್ಲಿ ಜೀವಂತ ಹಕ್ಕಿಯನ್ನು ದೀವ ಮಾಡುವ ಹಾಗಿಲ್ಲ. ರೆಕಾರ್ಡ್ ಮಾಡಿದ ಕೂಗು ಹಾಕುವಂತಿಲ್ಲ, ಕಾಳು ಚೆಲ್ಲುವಂತಿಲ್ಲ. ನಮ್ಮ ಬಾಯಿ, ಕೈ, ರಬ್ಬರಿನ ಹಕ್ಕಿ, ಅಷ್ಟೇ.

ಮೊದಲ ವರ್ಷ ಆಗಿದ್ದು ಇಷ್ಟು. ಬೆಳಗ್ಗೆ ಕತ್ತಲಲ್ಲೇ ಹುಲ್ಲುಗಾವಲಿನ ಅಂಚಲ್ಲಿ ಕೂತೆ. ಮರದ ಮೇಲೆ ರಾತ್ರಿ ಕಳೆದ ಹುಂಜಗಳು ಗುಳುಗುಳು ಅಂತ ಕೂಗಿದವು, ಕೆಳಗೆ ಹಾರಿದವು. ಎರಡು ಹುಂಜ ಹೊಲದ ಆ ತುದಿಯಲ್ಲಿ ಬಂದವು. ನನ್ನ ದೊಡ್ಡ ರಬ್ಬರ್ ಹುಂಜವನ್ನು ನೋಡಿದವು. ಕತ್ತು ಉದ್ದ ಮಾಡಿದವು. ಆಮೇಲೆ ಏನೋ ನೆನಪಾದವರ ಹಾಗೆ ತಿರುಗಿ ಬಂದ ದಾರಿಯಲ್ಲೇ ಹೋದವು. ಅವು ಎರಡು ವರ್ಷದ ಹುಂಜಗಳು. ಆ ಸೀಸನ್ನಿನಲ್ಲಿ ಯಾರದೋ ಕೈಯಲ್ಲಿ ಒದೆ ತಿಂದಿದ್ದವು ಅಂತ ಕಾಣುತ್ತದೆ. ಬಾಲ ಬಿಚ್ಚಿ ನಿಂತ ರೌಡಿಯ ಹತ್ತಿರ ಮತ್ತೆ ಯಾಕೆ ಹೋಗ್ತವೆ, ಅಲ್ವಾ?

ಅದೇ ವಾರ ಇನ್ನೊಂದು ದಿನ ಗಾಳಿ ಜಾಸ್ತಿ ಇತ್ತು. ನನ್ನ ಹೇಂಟೆ ಕಡ್ಡಿಯ ಮೇಲೆ ಗಿರಗಿಟ್ಲೆ ಥರ ಸುತ್ತಿತು. ಕೋಳಿ ಮೆಲ್ಲಗೆ ಅಲುಗಾಡಿದರೆ ಒಳ್ಳೇದು, ಸುತ್ತಿದರೆ ಕೆಲಸ ಕೆಟ್ಟಿತು. ಈಗ ಬಾಲದ ಎರಡೂ ಕಡೆ ಒಂದೊಂದು ಸಣ್ಣ ಕಡ್ಡಿ ಚುಚ್ಚುತ್ತೇನೆ. ಗಾಳಿ ಬಂದರೂ ನಾಲ್ಕು ಬೆರಳು ಆಚೆ ಈಚೆ ಹೋಗಿ ನಿಲ್ಲುತ್ತದೆ. ಮೈ ಹೊಳೆಯುವ ನಕಲಿ ಹಕ್ಕಿಯೂ ಬೇಡ. ಬಿಸಿಲು ಬಿದ್ದಾಗ ಅದು ಪ್ಲಾಸ್ಟಿಕ್ ಬಕೆಟ್ ಥರ ಮಿಂಚುತ್ತದೆ. ಟರ್ಕಿಯ ಕಣ್ಣು ಸಾಮಾನ್ಯದ್ದಲ್ಲ.

ನನಗೆ ತಡವಾಗಿ ಹೊಳೆದದ್ದು ಒಂದಿದೆ. ಹುಂಜವನ್ನು ಕರೆತರುವುದು ನಕಲಿ ಹಕ್ಕಿಯಲ್ಲ, ಕೂಗು. ಟರ್ಕಿಗಳಲ್ಲಿ ಹುಂಜ ಕೂಗಿದರೆ ಹೇಂಟೆ ಹುಡುಕಿಕೊಂಡು ಹೋಗುವುದು ರೂಢಿ. ನಾವು ಹೇಂಟೆಯ ದನಿ ಮಾಡಿ ಹುಂಜವನ್ನೇ ನಡೆಸುತ್ತೇವೆ, ಅಂದರೆ ಅವುಗಳ ಪದ್ಧತಿಯನ್ನೇ ಉಲ್ಟಾ ಮಾಡುತ್ತೇವೆ. ಹಾಗಾಗಿ ಹುಂಜ ಅರುವತ್ತು ಎಪ್ಪತ್ತು ಗಜ ದೂರದಲ್ಲಿ ಬಂದು ನಿಂತುಬಿಡುತ್ತದೆ. "ನಾನಿಲ್ಲಿದ್ದೇನೆ, ನೀನು ಬಾ" ಅನ್ನುವ ಹಾಗೆ. ಅಲ್ಲಿ ಕೂಗಿದ ಹೇಂಟೆ ಕಣ್ಣಿಗೆ ಬಿದ್ದರೆ ಮಾತ್ರ ಉಳಿದ ದೂರ ನಡೆಯುತ್ತದೆ. ಜೊತೆಗೆ ಅದರ ಕಣ್ಣು ನನ್ನ ಮೇಲಲ್ಲ, ರಬ್ಬರಿನ ಮೇಲೆ ಇರುತ್ತದೆ. ನಕಲಿ ಹಕ್ಕಿಯ ಕೆಲಸ ಇಷ್ಟೇ. ಹಾಗಾಗಿ ದಟ್ಟ ಕಾಡಲ್ಲಿ ನಾನು ಅದನ್ನು ಚೀಲದಿಂದ ತೆಗೆಯುವುದೇ ಇಲ್ಲ. ಪೊದೆ ದಾಟಿ ಬಂದ ಹುಂಜಕ್ಕೆ ಎದುರಿಗೇ ಧುತ್ತನೆ ಇನ್ನೊಂದು ಹಕ್ಕಿ ಕಂಡರೆ ಬೆಚ್ಚುತ್ತದೆ. ಬಯಲಲ್ಲಿ, ದೂರದಿಂದಲೇ ಕಾಣುವ ಕಡೆ ಮಾತ್ರ ಇಡುತ್ತೇನೆ.

ಈಗ ನನ್ನ ಹತ್ತಿರ ಇರುವುದು ಎರಡೇ: ಒಂದು ಹೇಂಟೆ, ಒಂದು ಪಡ್ಡೆ ಹುಂಜ. ಇಲ್ಲಿಯವರು ಇದನ್ನು ಜೇಕ್ ಅನ್ನುತ್ತಾರೆ. ಒಂದು ವರ್ಷದ ಗಂಡು. ಗಡ್ಡ ಗಿಡ್ಡ, ಬಾಲ ಬಿಚ್ಚಿದರೆ ನಡುವಿನ ಗರಿಗಳು ಮಾತ್ರ ಉದ್ದ. ದೊಡ್ಡ ಹುಂಜಕ್ಕೆ ಇದರ ಮೇಲೆ ಭಯವಿಲ್ಲ, ಸಿಟ್ಟಿದೆ. ಇಂಥ ಪೋರ ಹೇಂಟೆಯ ಹಿಂದೆ ನಿಂತಿದ್ದಾನಲ್ಲ ಅಂತ. ಸೀಸನ್ನಿನ ಮೊದಲ ವಾರ ಇಬ್ಬರನ್ನೂ ಇಡುತ್ತೇನೆ. ಕೊನೆಯ ವಾರ ಒಂಟಿ ಹೇಂಟೆ ಸಾಕು. ಆಗ ನಿಜವಾದ ಹೇಂಟೆಗಳು ಮೊಟ್ಟೆ ಮೇಲೆ ಕೂತಿರುತ್ತವೆ, ಹುಂಜ ಒಬ್ಬಂಟಿ ಅಲೆಯುತ್ತಿರುತ್ತದೆ.

ಇಡುವ ರೀತಿಯನ್ನು ಎರಡು ಸೀಸನ್ ತಪ್ಪು ಮಾಡಿಯೇ ಕಲಿತೆ. ಮರಕ್ಕೆ ಬೆನ್ನು ಕೊಟ್ಟು ಕೂರುತ್ತೇನೆ, ಮರ ನನ್ನ ಭುಜಕ್ಕಿಂತ ಅಗಲ ಇರಬೇಕು. ಅಲ್ಲಿಂದ ಹದಿನೆಂಟು ಹೆಜ್ಜೆ ದೂರದಲ್ಲಿ ಪಡ್ಡೆ ಹುಂಜ, ಅದರ ಮುಖ ನನ್ನ ಕಡೆಗೆ. ಇದು ಮುಖ್ಯ. ಬರುವ ಹುಂಜ ಅದರ ಮುಖಕ್ಕೆ ಮುಖ ಕೊಟ್ಟು ನಿಲ್ಲಲು ಸುತ್ತಿಕೊಂಡು ಬರುತ್ತದೆ. ಬಾಲ ಬಿಚ್ಚಿದರೆ ಅದೇ ಬಾಲ ನನ್ನನ್ನು ಮರೆಮಾಡುತ್ತದೆ, ಆಗ ಬಂದೂಕು ಎತ್ತಬಹುದು. ಹೇಂಟೆಯನ್ನು ನಾಲ್ಕು ಹೆಜ್ಜೆ ಆಚೆ ಇಡುತ್ತೇನೆ. ಮೂವತ್ತೈದು ಗಜ ದಾಟಿದರೆ ನಾನು ಹೊಡೆಯುವುದಿಲ್ಲ, ಅದಕ್ಕೇ ಎಲ್ಲವನ್ನೂ ಹತ್ತಿರ ಇಡುವುದು.

ಹೆದರಿಕೆಯ ವಿಷಯ ಒಂದು ಹೇಳಬೇಕು. ಹುಂಜದ ತಲೆ ಕೆಂಪು, ಬಿಳಿ, ನೀಲಿ. ಆ ಮೂರು ಬಣ್ಣದ ಬಟ್ಟೆ, ಕರವಸ್ತ್ರ ಯಾವುದೂ ಮೈಮೇಲೆ ಇರಬಾರದು. ನಕಲಿ ಹಕ್ಕಿಯನ್ನು ಬರಿಗೈಯಲ್ಲಿ ಹಿಡಿದು ನಡೆಯಬಾರದು. ನಾನು ಕಿತ್ತಳೆ ಬಣ್ಣದ ಚೀಲದಲ್ಲಿ ತುಂಬಿಕೊಂಡು ಹೋಗುತ್ತೇನೆ. ಒಮ್ಮೆ ಇನ್ನೊಬ್ಬ ಬೇಟೆಗಾರ ನನ್ನ ರಬ್ಬರ್ ಕೋಳಿಗಳತ್ತ ಬಗ್ಗಿಕೊಂಡು ಬರುವುದು ಕಂಡಿತು. ಕೈ ಬೀಸಲಿಲ್ಲ. ಅಲುಗಾಡಿದ್ದನ್ನೇ ಹಕ್ಕಿ ಅಂದುಕೊಂಡರೆ? ಕೂತಲ್ಲಿಂದಲೇ ಜೋರಾಗಿ "ಹಲೋ" ಅಂದೆ. ಆತ ನಿಂತ, ಕ್ಷಮೆ ಕೇಳಿದ, ಹೋದ. ನನಗೆ ಆಮೇಲೆ ಕಾಫಿ ಫ್ಲಾಸ್ಕಿನ ಮುಚ್ಚಳ ತೆಗೆಯಲು ಕೈ ಬರಲಿಲ್ಲ. ನಕಲಿ ಬಾಲವನ್ನು ಮುಖದ ಮುಂದೆ ಹಿಡಿದು ಹುಂಜದ ಹತ್ತಿರ ತೆವಳುವವರೂ ಇದ್ದಾರೆ. ವಿಡಿಯೋ ಚೆನ್ನಾಗಿ ಬರುತ್ತದೆ. ಬಂದೂಕು ಇರುವ ಕಾಡಿನಲ್ಲಿ ಟರ್ಕಿಯ ವೇಷ ಹಾಕುವ ಧೈರ್ಯ ನನಗಿಲ್ಲ.

ಮೂರನೇ ವರ್ಷ, ಸೀಸನ್ನಿನ ನಾಲ್ಕನೇ ದಿನ. ಏಳೂ ಕಾಲು ಇರಬಹುದು. ನಾಲ್ಕು ಸಲ ಮೆಲ್ಲಗೆ ಹೇಂಟೆಯ ದನಿ ಮಾಡಿ ಸುಮ್ನೆ ಕೂತೆ. ಹೊಲದ ತಿರುವಿನಲ್ಲಿ ಒಂದು ಹುಂಜ ಕಂಡಿತು. ನನ್ನ ಪಡ್ಡೆಯನ್ನು ನೋಡಿದ್ದೇ ತಡ, ಗರಿ ಕೆದರಿ ರೆಕ್ಕೆಯ ತುದಿ ನೆಲಕ್ಕೆ ಎಳೆಯುತ್ತಾ ಬಂತು. ಎದೆಯೊಳಗಿಂದ ಡುಮ್ಮ್ ಅನ್ನೋ ಸದ್ದು. ಕಿವಿಗಿಂತ ಮೊದಲು ನನ್ನ ಹೊಟ್ಟೆಗೆ ಕೇಳಿಸಿತು. ಸುತ್ತು ಹಾಕಿ ಎದುರು ನಿಂತಿತು, ಹಾರಿ ಒದ್ದಿತು. ರಬ್ಬರ್ ಪಕ್ಕಕ್ಕೆ ಬಾಗಿತು, ಮತ್ತೆ ಎದ್ದು ನಿಂತಿತು. ಇನ್ನೊಂದು ಒದೆ. ಕತ್ತು ಒಳಗೆ ಎಳೆದುಕೊಂಡಿದ್ದರಿಂದ ಹೊಡೆಯುವ ಹಾಗಿರಲಿಲ್ಲ. ಹೇಂಟೆಯ ದನಿ ಮಾಡಲು ಬಾಯಲ್ಲಿಟ್ಟುಕೊಂಡಿದ್ದ ಸಾಧನದಿಂದ ಒಂದೇ ಒಂದು "ಟಕ್" ಅಂದೆ. ಕತ್ತು ಎದ್ದಿತು.

ಇಪ್ಪತ್ತೊಂದು ಪೌಂಡ್ ತೂಗಿತು. ಫೋನಿನಲ್ಲಿ ಇಲಾಖೆಗೆ ವರದಿ ಮಾಡಿ, ಮನೆಗೆ ತಂದು ಎದೆಮಾಂಸಕ್ಕೆ ಕಾಳುಮೆಣಸು ಜಾಸ್ತಿ ಹಾಕಿ ಹುರಿದೆವು. ತೊಡೆ ಗಟ್ಟಿ, ಕುಕ್ಕರಿನಲ್ಲಿ ಆರು ಸೀಟಿ ಬೇಕಾಯಿತು. ಪಡ್ಡೆ ಹುಂಜದ ಎದೆಯಲ್ಲಿ ಆ ಕಾಲಿನ ಮುಳ್ಳು ಚುಚ್ಚಿದ ತೂತು ಹಾಗೇ ಇದೆ. ಕಂದು ಟೇಪ್ ಅಂಟಿಸಿದ್ದೇನೆ. ಮುದುಕರು ಹೊಸತು ತಗೋ ಅನ್ನುತ್ತಾರೆ, ನಾನು ಈ ಏಪ್ರಿಲ್‌ನಲ್ಲೂ ಇದನ್ನೇ ಒಯ್ದೆ.