ಸಿಯಾಟಲ್‌ಗೆ ಹೊಸದಾಗಿ ಬರುವವರಿಗೆ: ನಾರ್ತ್‌ಗೇಟ್ ಕಡೆಗೂ ಒಮ್ಮೆ ಮನೆ ನೋಡಿ

ಸಿಯಾಟಲ್‌ಗೆ ಬರುವ ನಮ್ಮವರು ಹೆಚ್ಚಾಗಿ ವಾಷಿಂಗ್ಟನ್ ಸರೋವರದ ಆಚೆ ದಡದಲ್ಲೇ ಮನೆ ಹುಡುಕುತ್ತಾರೆ. ಬೆಲ್‌ವ್ಯೂ, ರೆಡ್ಮಂಡ್, ಬಾಥೆಲ್. ಅಲ್ಲಿ ನಮ್ಮ ಜನ ಜಾಸ್ತಿ, ಬಾಥೆಲ್‌ನಲ್ಲಿ ದೇವಸ್ಥಾನವೂ ಇದೆ. ಆದರೆ ನಿಮ್ಮ ಕೆಲಸ ಡೌನ್‌ಟೌನ್‌ನಲ್ಲೋ, ಓದು ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲೋ ಆಗಿದ್ದು, ಇನ್ನೂ ಕಾರು ತಗೊಂಡಿಲ್ಲವಾದರೆ, ಮೊದಲು ಸಿಯಾಟಲ್‌ನ ಉತ್ತರ ಭಾಗದ ನಾರ್ತ್‌ಗೇಟ್ ನೋಡಿ.

ಇಲ್ಲಿ ಹಿಂದೆ ಇದ್ದದ್ದು ಒಂದು ದೊಡ್ಡ ಮಾಲ್. 1950ರಲ್ಲಿ ಶುರುವಾದದ್ದು, ಅಮೆರಿಕದ ತೀರಾ ಹಳೆಯ ಮಾಲ್‌ಗಳಲ್ಲಿ ಒಂದು. ಸುತ್ತ ಎಲ್ಲಿ ನೋಡಿದರೂ ಪಾರ್ಕಿಂಗ್. ಬರಬರುತ್ತಾ ವ್ಯಾಪಾರ ಇಳಿಯಿತು. 2019ರಲ್ಲಿ ಮೇಸೀಸ್, ನಾರ್ಡ್‌ಸ್ಟ್ರಾಮ್ ಎಂಬ ದೊಡ್ಡ ಅಂಗಡಿಗಳು ಎರಡೂ ಮುಚ್ಚಿದವು, ಆಮೇಲೆ ಕಟ್ಟಡದ ಬಹುಭಾಗ ಕೆಡವಿದರು. 2021ರಲ್ಲಿ ಕ್ರಾಕನ್ ಎಂಬ ಐಸ್ ಹಾಕಿ ತಂಡದ ಐಸ್ ರಿಂಕ್ ಬಂತು. ನಾವೂ ಹೋಗಿ ಸ್ಕೇಟಿಂಗ್ ಮಾಡಬಹುದು. ಅದೇ ವರ್ಷ ಅಕ್ಟೋಬರ್ 2ರಂದು ಲೈಟ್ ರೈಲ್ ಸ್ಟೇಷನ್ ತೆರೆಯಿತು. ವಿಶ್ವವಿದ್ಯಾಲಯಕ್ಕೂ ಡೌನ್‌ಟೌನ್‌ಗೂ ಇದೇ ರೈಲಿನಲ್ಲಿ ನೇರ ಹೋಗಬಹುದು. ಹೆದ್ದಾರಿಯ ಮೇಲೆ ನಡೆದು ದಾಟುವ ಜಾನ್ ಲೂಯಿಸ್ ಸೇತುವೆಯೂ ಆಗಲೇ ಆದದ್ದು. ಸೇತುವೆಯ ಆಚೆ ನಾರ್ತ್ ಸಿಯಾಟಲ್ ಕಾಲೇಜು.

ನನಗೆ ಇಲ್ಲಿ ಎಲ್ಲಕ್ಕಿಂತ ಇಷ್ಟ ಥಾರ್ನ್‌ಟನ್ ಹಳ್ಳ. ಪಾರ್ಕಿಂಗ್ ಕೆಳಗೆ ಪೈಪಿನಲ್ಲಿ ಹರಿಯುತ್ತಿದ್ದ ನೀರನ್ನು 2009ರಲ್ಲಿ ಮೇಲಕ್ಕೆ ತಂದರು. ಈಗ ಅಲ್ಲಿ ಗಿಡಗಳು, ಕಾಲುದಾರಿ, ಪಕ್ಕದಲ್ಲೇ ಮನೆಗಳು. ಒಂದು ಮಾಲ್ ಊರಾಗಿ ಬದಲಾಗಬೇಕಾದರೆ ಬರೀ ಎತ್ತರದ ಕಟ್ಟಡ ಎಬ್ಬಿಸಿದರೆ ಸಾಲದು, ಅಲ್ವಾ?

ಮನೆ ನೋಡುವಾಗ ಜಿಮ್, ಈಜುಕೊಳ ನೋಡಿ ಮರುಳಾಗಬೇಡಿ. ನೀವು ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಉಳಿಯುವವರು ಕಾರಿಲ್ಲದೆ ಹಗಲು ಹೇಗೆ ಕಳೆಯುತ್ತಾರೆ ಎಂದು ಯೋಚಿಸಿ. ಕೆಲಸಕ್ಕೆ ಬಂದವರ ಕುಟುಂಬಕ್ಕೆ ಕೊಡುವ ಎಚ್-4 ವೀಸಾದಲ್ಲಿ ಬಂದ ಹೆಂಡತಿಯೋ ಗಂಡನೋ, ಊರಿಂದ ಬಂದ ಅಪ್ಪ ಅಮ್ಮನೋ ನಾಲ್ಕು ಗೋಡೆ ನೋಡುತ್ತಾ ಸಂಜೆವರೆಗೂ ಕಾಯುವುದನ್ನು ನಾನು ಬೇಕಾದಷ್ಟು ಮನೆಗಳಲ್ಲಿ ಕಂಡಿದ್ದೇನೆ. ಅದು ತುಂಬಾ ಕಷ್ಟ. ನಾರ್ತ್‌ಗೇಟ್‌ನಲ್ಲಿ ಲೈಬ್ರರಿ, ಸಮುದಾಯ ಕೇಂದ್ರ, ದಿನಸಿ ಅಂಗಡಿ ಎಲ್ಲ ನಡೆದು ಹೋಗುವಷ್ಟು ಹತ್ತಿರ. 65 ದಾಟಿದವರಿಗೆ ರಿಯಾಯಿತಿಯ ಓರ್ಕಾ ಕಾರ್ಡ್ (ಬಸ್ಸು, ರೈಲಿನ ಟಿಕೆಟ್ ಕಾರ್ಡ್) ಮಾಡಿಸಿಕೊಡಿ, ರೈಲಿಗೆ 1 ಡಾಲರ್ ಸಾಕು. 18 ವರ್ಷದವರೆಗಿನ ಮಕ್ಕಳಿಗೆ ಉಚಿತ. ಸ್ಟೇಷನ್‌ನಲ್ಲಿ ಗೇಟ್ ಇರುವುದಿಲ್ಲ, ಆದ್ದರಿಂದ ಹತ್ತುವ ಮುಂಚೆ ಅಲ್ಲಿನ ಯಂತ್ರಕ್ಕೆ ಕಾರ್ಡ್ ಮುಟ್ಟಿಸುವುದನ್ನು ಮರೆಯಬೇಡಿ.

ಜಾಹೀರಾತಿನಲ್ಲಿ "ಸ್ಟೇಷನ್ ಹತ್ತಿರ" ಎಂದಿದ್ದರೆ ನಂಬಿ ಕೂರಬೇಡಿ. ಆ ದಾರಿಯನ್ನು ಕತ್ತಲಾದ ಮೇಲೆ ಒಮ್ಮೆ ನಡೆದು ನೋಡಿ. ಡಿಸೆಂಬರ್‌ನಲ್ಲಿ ಇಲ್ಲಿ ಸಂಜೆ ನಾಲ್ಕೂವರೆಗೇ ಕತ್ತಲು, ಮೇಲೆ ಜಿಟಿಜಿಟಿ ಮಳೆ. ಮಲಗುವ ಕೋಣೆ ಹೆದ್ದಾರಿ ಕಡೆಗಿದ್ದರೆ ಕಿಟಕಿ ತೆಗೆದು ಸದ್ದು ಕೇಳಿ. ಮಾಲ್ ಜಾಗ ಇನ್ನೂ ಪೂರ್ತಿ ಕಟ್ಟಿ ಮುಗಿದಿಲ್ಲ. ಪಕ್ಕದ ಖಾಲಿ ಜಾಗದಲ್ಲಿ ಏನು ಬರುತ್ತದೆ, ಯಾವಾಗ ಶುರು ಎಂದು ಲೀಸಿಂಗ್ ಆಫೀಸಿನಲ್ಲಿ ಕೇಳಿ.

ಬಾಡಿಗೆ ವಿಷಯ. ಸಿಯಾಟಲ್‌ನಲ್ಲಿ 10 ಅಥವಾ ಅದಕ್ಕಿಂತ ಜಾಸ್ತಿ ಮನೆಗಳಿರುವ ಕಟ್ಟಡಗಳು ಪಾರ್ಕಿಂಗ್ ಬಾಡಿಗೆಯನ್ನು ಮನೆ ಬಾಡಿಗೆಯಿಂದ ಬೇರೆಯೇ ಇಡಬೇಕು. ಕಾರಿಲ್ಲದಿದ್ದರೆ ಸುಮ್ನೆ ಯಾಕೆ ಕೊಡುತ್ತೀರಿ? ಡಿಪಾಸಿಟ್ ಮತ್ತು ವಾಪಸ್ ಬಾರದ ಶುಲ್ಕ ಸೇರಿ ಒಂದು ತಿಂಗಳ ಬಾಡಿಗೆ ಮೀರುವಂತಿಲ್ಲ. ಬಾಡಿಗೆ ಏರಿಸಬೇಕಾದರೆ 180 ದಿನ ಮೊದಲೇ ತಿಳಿಸಬೇಕು. ನೀರು, ಚರಂಡಿ, ಕಸದ ಬಿಲ್ ಪ್ರತ್ಯೇಕ ಬರಬಹುದು, ತಿಂಗಳಿಗೆ ಎಷ್ಟಾಗುತ್ತದೆ ಎಂದು ಸಹಿ ಮಾಡುವ ಮುಂಚೆಯೇ ಕೇಳಿ. ಸಂಬಳ ಕಡಿಮೆ ಇದ್ದರೆ ಎಂಎಫ್‌ಟಿಇ ಎಂಬ ಯೋಜನೆಯ ಮನೆ ಇದೆಯೇ ಎಂದೂ ವಿಚಾರಿಸಿ. ಈ ಯೋಜನೆಯಲ್ಲಿ ತೆರಿಗೆ ವಿನಾಯಿತಿ ಪಡೆದ ಹೊಸ ಕಟ್ಟಡಗಳು ಒಂದಷ್ಟು ಮನೆಗಳನ್ನು ಆದಾಯದ ಮಿತಿಯೊಳಗಿನವರಿಗೆ ಕಡಿಮೆ ಬಾಡಿಗೆಗೆ ಕೊಡಬೇಕು. ನಮ್ಮವರಲ್ಲಿ ಇದು ಗೊತ್ತಿರುವವರು ಕಡಿಮೆ. ಕೇಳಲು ಸಂಕೋಚ ಬೇಡ.

ಹಬ್ಬಕ್ಕೆ ಬಾಥೆಲ್ ದೇವಸ್ಥಾನಕ್ಕೆ ಹೋಗುವುದು ಮಾತ್ರ ಇಲ್ಲಿಂದ ಸ್ವಲ್ಪ ತ್ರಾಸ. ಅಂಥ ದಿನ ಪರಿಚಯದ ಕನ್ನಡದವರಿಗೆ ಹಿಂದಿನ ದಿನವೇ ಒಂದು ಮಾತು ಹಾಕಿ, ಯಾರಾದರೂ ಕರೆದುಕೊಂಡು ಹೋಗುತ್ತಾರೆ.