ರಿಬ್ಬನ್ ಗೆದ್ದ ಗಂಡು ಕುದುರೆ ಬೀಜಕ್ಕೆ ಯೋಗ್ಯವೇ? ನಾನು ನೋಡುವ ರೀತಿ

ಪುಣೆಯ ಸುತ್ತಮುತ್ತ ಕುದುರೆ ಸಾಕುವವರು ನನ್ನನ್ನು ಆಗಾಗ ಕರೆಯುತ್ತಾರೆ. ಪ್ರಶ್ನೆ ಒಂದೇ: ಈ ಗಂಡು ಕುದುರೆಯನ್ನು ಬೀಜಕ್ಕೆ ಇಟ್ಟುಕೊಳ್ಳೋಣವಾ, ಇಲ್ಲ ಬೀಜ ತೆಗೆಸೋಣವಾ? ಹೆಚ್ಚಿನ ಸಲ ತೆಗೆಸಿ ಅಂತಲೇ ಹೇಳಿ ಬರುತ್ತೇನೆ. ಕೆಲವರಿಗೆ ಬೇಸರವಾಗುತ್ತದೆ. ಆದರೆ ಹೆಣ್ಣು ಕುದುರೆ ವರ್ಷಕ್ಕೆ ಒಂದು ಮರಿ ಹಾಕುತ್ತದೆ. ಗಂಡು ಒಂದೇ ಸೀಸನ್‌ನಲ್ಲಿ ಹತ್ತಾರು ಮರಿಗಳಿಗೆ ಅಪ್ಪನಾಗಬಹುದು. ಅದರ ಕೊರತೆಯೂ ಅಷ್ಟೇ ಬೇಗ ಹರಡುತ್ತದೆ. ಹಾಗಾಗಿ ಹೆಣ್ಣಿನಲ್ಲಿ ಒಪ್ಪುವ ಎಷ್ಟೋ ಕೊರತೆಗಳನ್ನು ಗಂಡಿನಲ್ಲಿ ನಾನು ಒಪ್ಪುವುದಿಲ್ಲ.

ಕಳೆದ ಚಳಿಗಾಲದಲ್ಲಿ ತಳೇಗಾಂವ್ ಕಡೆಯ ತೋಟವೊಂದಕ್ಕೆ ಹೋಗಿದ್ದೆ. ಯಜಮಾನರು ಧಾರವಾಡದವರು. ಪುಣೆಗೆ ಬಂದು ನೆಲೆಸಿ ಬಹಳ ಕಾಲವಾಗಿದೆ. ನಾನು ಅವರನ್ನು ಕಾಕಾ ಅಂತಲೇ ಕರೆಯುವುದು. ಅವರ ಹತ್ತಿರ ಒಂದು ವಾರ್ಮ್‌ಬ್ಲಡ್ ಗಂಡು ಕುದುರೆ ಇದೆ, ಅಂದರೆ ಸವಾರಿ ಸ್ಪರ್ಧೆಗಳಿಗೆಂದೇ ಬೆಳೆಸಿದ ತಳಿಯದು. ಹುಟ್ಟಿದ್ದು ಯುರೋಪಿನಲ್ಲಿ, ಹಂಟರ್ ಕ್ಲಾಸ್ ಅನ್ನುವ ಸ್ಪರ್ಧೆಗಳಲ್ಲಿ ಬಹುಮಾನದ ರಿಬ್ಬನ್ ಗೆದ್ದದ್ದು ಅಮೆರಿಕದಲ್ಲಿ, ಆಮೇಲೆ ಇಲ್ಲಿಗೆ ಬಂದದ್ದು. ರೇಸ್‌ಕೋರ್ಸಿನಿಂದ ನಿವೃತ್ತಿಯಾದ ಥರೋಬ್ರೆಡ್ ಹೆಣ್ಣು ಕುದುರೆಗಳಿಗೆ ಇದನ್ನು ಕ್ರಾಸ್ ಮಾಡಿಸಬೇಕು, ಮಕ್ಕಳೂ ಆಫೀಸಿಗೆ ಹೋಗುವವರೂ ಧೈರ್ಯವಾಗಿ ಹತ್ತುವಂಥ ಮರಿಗಳು ಬರಬೇಕು ಅನ್ನುವುದು ಕಾಕಾರ ಆಸೆ. ಆಸೆ ಒಳ್ಳೆಯದೇ. ಮುಂಬೈ, ಪುಣೆಯಲ್ಲಿ ಸವಾರಿ ಕಲಿಯುವವರಿಗೆ ಸಿಗುವುದು ಹೆಚ್ಚಾಗಿ ರೇಸ್ ಬಿಟ್ಟ ಕುದುರೆಗಳೇ. ಅವು ಓಡುವುದಕ್ಕೆ ಹುಟ್ಟಿದವು, ಎಲ್ಲರಿಗೂ ಹೊಂದುವುದಿಲ್ಲ.

ಶೋ ಹಂಟರ್ ಅಂದರೆ ಏನು ಅಂತ ಇಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ. ನಮ್ಮಲ್ಲಿ ಹೆಚ್ಚು ನಡೆಯುವುದು ಶೋ ಜಂಪಿಂಗ್. ಅಲ್ಲಿ ಅಡ್ಡಗಟ್ಟೆಯ ಕೋಲು ಬೀಳಿಸದೆ ಹೊತ್ತಿಗೆ ಸರಿಯಾಗಿ ಮುಗಿಸಿದರೆ ಸಾಕು, ಹೇಗೆ ಜಿಗಿಯಿತು ಅಂತ ಯಾರೂ ಕೇಳುವುದಿಲ್ಲ. ಅಮೆರಿಕದ ಹಂಟರ್‌ನಲ್ಲಿ ಹೇಗೆ ಜಿಗಿಯಿತು ಅನ್ನುವುದಕ್ಕೇ ಅಂಕ. ಬ್ರಿಟನ್ನಿನ ಶೋ ಹಂಟರ್ ಬೇರೆ ಥರ. ಅಲ್ಲಿ ಜಿಗಿತವಿಲ್ಲ. ಮೈಕಟ್ಟು, ನಡೆ ನೋಡಿ, ತೀರ್ಪುಗಾರರೇ ಹತ್ತಿ ಸವಾರಿ ಮಾಡಿ ಅಂಕ ಕೊಡುತ್ತಾರೆ. ಅಮೆರಿಕದಲ್ಲಿ ಮೂರರಿಂದ ನಾಲ್ಕು ಅಡಿಯ ಜಿಗಿತಗಳನ್ನು ಒಂದೇ ಲಯದಲ್ಲಿ ದಾಟಬೇಕು. ಕ್ಯಾಂಟರ್ ಅನ್ನುವ ಹದವಾದ ಓಟದ ಒಂದು ಹೆಜ್ಜೆ 12 ಅಡಿ ಅಂತ ಲೆಕ್ಕ. ಎರಡು ಜಿಗಿತಗಳ ನಡುವೆ 72 ಅಡಿ ಇದ್ದರೆ ಐದು ಹೆಜ್ಜೆ. ಉಳಿದದ್ದರಲ್ಲಿ ಏರುವುದಕ್ಕೆ ಆರು ಅಡಿ, ಇಳಿಯುವುದಕ್ಕೆ ಆರು ಅಡಿ. ಕುದುರೆ ಎಲ್ಲೂ ಎಳೆದಾಡಬಾರದು, ಹೆದರಬಾರದು. ಸವಾರ ಸುಮ್ನೆ ಕೂತಿದ್ದಾನೆ ಅನ್ನಿಸಬೇಕು.

ಇಂಥ ಕ್ಲಾಸ್ ಗೆದ್ದ ಕುದುರೆಯ ಮರಿಗಳೂ ಹಾಗೇ ಇರುತ್ತವೆ ಅಂತ ಕಾಕಾ ನಂಬಿದ್ದರು. ನಾನು ಪ್ರತಿ ಸಲ ಕೇಳಿಕೊಳ್ಳುವ ಪ್ರಶ್ನೆ ಬೇರೆ. ಕಣ್ಣಿಗೆ ಕಾಣುವ ಈ ಒಳ್ಳೆಯತನದಲ್ಲಿ ಹುಟ್ಟಿನಿಂದ ಬಂದದ್ದೆಷ್ಟು, ಯಾರೋ ಕಲಿಸಿದ್ದು ಅಥವಾ ಸರಿಪಡಿಸಿದ್ದು ಎಷ್ಟು? ಮರಿಗೆ ಹೋಗುವುದು ಮೊದಲನೆಯದು ಮಾತ್ರ.

ಮೊದಲು ಸ್ವಭಾವ. ನಾನು ಬರುವ ದಿನ ಕುದುರೆಯನ್ನು ಲಂಜ್ ಮಾಡಬೇಡಿ ಅಂತ ಮೊದಲೇ ಹೇಳಿರುತ್ತೇನೆ. ಉದ್ದ ಹಗ್ಗಕ್ಕೆ ಕಟ್ಟಿ ಗುಂಡಗೆ ತಿರುಗಿಸಿದರೆ ಎಂಥ ಕುದುರೆಯೂ ದಣಿದು ಸಾಧುವಾಗುತ್ತದೆ. ಹಂಟರ್ ಶೋಗಳಲ್ಲಿ ಶಾಂತವಾಗಿರುವ ಕುದುರೆಗೆ ಬೆಲೆ ಜಾಸ್ತಿ. ಹಾಗಾಗಿ ಬೆಳಗಿನ ಜಾವವೇ ಎಬ್ಬಿಸಿ ತಾಸುಗಟ್ಟಲೆ ತಿರುಗಿಸುವವರಿದ್ದಾರೆ. ಔಷಧಿ ಕೊಟ್ಟು ಮಂಕು ಮಾಡುವವರೂ ಇದ್ದಾರೆ. ಅದನ್ನು ಹಿಡಿಯಲು ಅಮೆರಿಕದ ಶೋಗಳಲ್ಲಿ ರಕ್ತ, ಮೂತ್ರ ಪರೀಕ್ಷೆ ಮಾಡುತ್ತಾರೆ. ಕುದುರೆಗೆ ಇದು ಎಷ್ಟು ಹಿಂಸೆ ಅಂತ ಯೋಚಿಸಿದರೆ ನನಗೆ ಸಿಟ್ಟು ಬರುತ್ತದೆ. ಬೀಜದ ವಿಷಯದಲ್ಲಂತೂ ಇದರಿಂದ ದೊಡ್ಡ ಮೋಸವಾಗುತ್ತದೆ. ದಣಿವಿನಿಂದ ಬಂದ ಶಾಂತಿ ಮರಿಗೆ ಹೋಗುವುದಿಲ್ಲ.

ಅಲ್ಲಿ ಕುದುರೆ ನೋಡಿಕೊಳ್ಳುವ ಸಾಯಿಸ್ ವಿಜಯಪುರದ ಕಡೆಯವರು, ವಯಸ್ಸಾದವರು. ಕುದುರೆ ನೋಡಲು ಹೋದಾಗ ನಾನು ಸರ್ಟಿಫಿಕೇಟ್ ಓದುವ ಮೊದಲು ಸಾಯಿಸ್ ಜೊತೆ ಕೂತು ಚಹಾ ಕುಡಿಯುತ್ತೇನೆ. ಕುದುರೆ ರಾತ್ರಿ ಹೇಗಿರುತ್ತದೆ, ಮೇವು ಹಾಕುವಾಗ ಕಿವಿ ಹಿಂದೆ ಮಾಡುತ್ತದಾ, ಕಾಲು ಎತ್ತಲು ಬಿಡುತ್ತದಾ ಅನ್ನುವುದೆಲ್ಲ ಅವರಿಗಷ್ಟೇ ಗೊತ್ತು. ಆ ಹಿರಿಯರು ಮುಚ್ಚಿಡಲಿಲ್ಲ. ‘ಸರ, ಖರೇ ಹೇಳ್ತೀನ್ರಿ. ಮುಂಜಾನೆ ಗೋಲ್ ತಿರುಗಿಸದ ಇದ್ರ ಇದರ ಮ್ಯಾಲೆ ಯಾರೂ ಕೂಡಂಗಿಲ್ಲ. ಬ್ಯಾರೆ ಕುದುರಿ ಕಂಡ್ರ ನನ್ನೂ ಮರೀತದ.’

ಹೊರಗೆ ತಂದು ನೋಡಿದೆ. ಸ್ವಲ್ಪ ದೂರದಲ್ಲಿ ಹೆಣ್ಣು ಕುದುರೆಯೊಂದನ್ನು ದಾಟಿಸಲು ಹೇಳಿದೆ. ಗಂಡು ಕುದುರೆ ಕೂಗುವುದು, ಕತ್ತು ಎತ್ತುವುದು ಸಹಜ, ಅದಕ್ಕೆ ನಾನು ಅಂಕ ಕಡಿಮೆ ಮಾಡುವುದಿಲ್ಲ. ಕೂಗಿದ ಮೇಲೆ ಹಿಡಿದವರ ಮಾತಿಗೆ ಎಷ್ಟು ಬೇಗ ತಿರುಗುತ್ತದೆ ಅನ್ನುವುದನ್ನು ನೋಡುತ್ತೇನೆ. ಒಳ್ಳೆಯ ಬೀಜದ ಕುದುರೆ ನಾಲ್ಕು ಉಸಿರಿನೊಳಗೆ ಮನುಷ್ಯನ ಕಡೆ ಕಿವಿ ತಿರುಗಿಸುತ್ತದೆ. ಇದು ತಿರುಗಿಸಲಿಲ್ಲ. ಹೆಣ್ಣು ಕುದುರೆ ಮರೆಯಾದ ಮೇಲೂ ಬಹಳ ಹೊತ್ತು ಬೆವರಿ ಕುಣಿಯುತ್ತಲೇ ಇತ್ತು. ಒಂದೇ ಸಲ ನೋಡಿ ತೀರ್ಮಾನ ಮಾಡಬಾರದು ಅಂತ ಇನ್ನೊಂದು ದಿನವೂ ಹೋದೆ. ಆವತ್ತೂ ಅದೇ.

ಜಿಗಿತಕ್ಕೆ ಬರೋಣ. ಸವಾರನಿಲ್ಲದೆ ಜಿಗಿಸಿ ನೋಡುವುದು ನನ್ನ ಪದ್ಧತಿ. ಜರ್ಮನಿಯ ವೆರ್ಡೆನ್, ನಾಯ್‌ಮ್ಯುನ್‌ಸ್ಟರ್‌ನಂಥ ಊರುಗಳಲ್ಲಿ ಎರಡೂವರೆ ವರ್ಷದ ಗಂಡು ಕುದುರೆಗಳನ್ನು ಬೀಜಕ್ಕೆ ಆರಿಸುವಾಗಲೂ ಹೀಗೇ ಬಿಟ್ಟು ಜಿಗಿಸುತ್ತಾರೆ. ಆ ವಯಸ್ಸಿಗೆ ಅವು ಇನ್ನೂ ಸರಿಯಾಗಿ ಸವಾರಿಯನ್ನೇ ಕಲಿತಿರುವುದಿಲ್ಲ. ಒಳ್ಳೆಯ ಸವಾರ ಸರಿಯಾದ ಜಾಗಕ್ಕೆ ತಂದು ಬಿಟ್ಟರೆ ಸಾಧಾರಣ ಕುದುರೆಯೂ ಚೆಂದ ಜಿಗಿಯುತ್ತದೆ. ಬಿಟ್ಟಾಗ ಅದು ತಾನೇ ಲೆಕ್ಕ ಹಾಕಬೇಕು.

ಬೇಲಿಯ ಪಕ್ಕ ಕೋಲುಗಳಿಂದ ಓಣಿ ಮಾಡಿಸಿದೆವು. ಮೊದಲು ನೆಲದ ಮೇಲೆ ಒಂದು ಕೋಲು, ಆಮೇಲೆ ಎರಡು ಸಣ್ಣ ಜಿಗಿತ, ಕೊನೆಗೆ ಆಕ್ಸರ್, ಅಂದರೆ ಕೋಲುಗಳನ್ನು ಹಿಂದೆ ಮುಂದೆ ಇಟ್ಟ ಅಗಲವಾದ ಜಿಗಿತ. ಮೊದಲು ತೀರಾ ಕೆಳಗೆ ಇಟ್ಟು, ಕುದುರೆಗೆ ಧೈರ್ಯ ಬಂದ ಹಾಗೆ ಏರಿಸಬೇಕು. ನಾನು ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡುತ್ತೇನೆ, ಬರಿಗಣ್ಣಿಗೆ ಕಾಣದ್ದು ಅದರಲ್ಲಿ ಕಾಣುತ್ತದೆ. ಎರಡೂ ಮುಂಗಾಲಿನ ಮಂಡಿ ಒಂದೇ ಮಟ್ಟಕ್ಕೆ ಏರಬೇಕು. ಮಂಡಿಯಿಂದ ಮೇಲಿನ ಭಾಗ ನೆಲಕ್ಕೆ ಸಮವಾಗಿ ಅಥವಾ ಅದಕ್ಕಿಂತ ಮೇಲೆ ಬರಬೇಕು. ಕೆಳಕಾಲು ಮಡಚಿಕೊಳ್ಳಬೇಕು. ಬೆನ್ನು ಕಮಾನಿನಂತೆ ಬಾಗಿ, ಕತ್ತು ಮುಂದಕ್ಕೆ ಕೆಳಗೆ ಚಾಚಬೇಕು. ಮಂಡಿ ಕೆಳಕ್ಕೆ ಜೋತು ಬಿದ್ದರೆ ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ಕೋಲಿಗೆ ಮಂಡಿ ಸಿಕ್ಕಿ ಕುದುರೆ ಸವಾರನ ಸಮೇತ ಪಲ್ಟಿ ಹೊಡೆಯುವ ಅಪಾಯವಿದೆ. ಮಕ್ಕಳು ಹತ್ತುವ ಕುದುರೆಗಳಿಗೆ ಅಂಥ ಅಪ್ಪ ಬೇಡವೇ ಬೇಡ.

ಈ ಕುದುರೆ ಇಲ್ಲಿ ನನ್ನ ಮನಸ್ಸು ಗೆದ್ದಿತು. ಒಂದು ಸಲ ಬೇಕೆಂತಲೇ ನೆಲದ ಕೋಲನ್ನು ಸ್ವಲ್ಪ ಹತ್ತಿರ ಸರಿಸಿದೆ. ತಾನೇ ಹೆಜ್ಜೆ ಚಿಕ್ಕದು ಮಾಡಿಕೊಂಡು, ಮಂಡಿ ಮೂಗಿನ ಹತ್ತಿರ ತಂದು ದಾಟಿತು. ಅದನ್ನು ಯಾರೂ ಕಲಿಸಿರಲಾರರು. ಕಾಕಾ ನನ್ನ ಮುಖ ನೋಡಿ ನಕ್ಕರು.

ನಡೆಯೂ ಹಂಟರ್‌ಗೆ ತಕ್ಕದ್ದೇ. ಡ್ರೆಸಾಜ್ ಅನ್ನುವ ನಡಿಗೆಯ ಸ್ಪರ್ಧೆಯವರು ಕಾಲು ಎತ್ತರಕ್ಕೆ ಎತ್ತುವ ಟ್ರಾಟ್ (ದುಡುಕಿ ಓಟ) ಮೆಚ್ಚುತ್ತಾರೆ. ಹಂಟರ್‌ನಲ್ಲಿ ಮಂಡಿ ಹೆಚ್ಚು ಮಡಚದೆ, ಭುಜದಿಂದ ಉದ್ದಕ್ಕೆ, ಹುಲ್ಲಿನ ತುದಿ ಸವರಿಕೊಂಡು ಹೋದ ಹಾಗೆ ನಡೆಯಬೇಕು. ಭುಜದ ಮೂಳೆ ಚೆನ್ನಾಗಿ ಓರೆಯಾಗಿದ್ದರೆ ಈ ನಡೆ ತಾನಾಗಿ ಬರುತ್ತದೆ. ತೋಟಕ್ಕೆ ಬಂದಿದ್ದ ಹಿರಿಯರೊಬ್ಬರು ಸುಳಿ ನೋಡಿದಿರಾ ಅಂತ ಕೇಳಿದರು. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಸುಳಿ ನೋಡಿ ನಾನು ಕುದುರೆಯನ್ನು ಒಪ್ಪುವುದೂ ಇಲ್ಲ, ಬಿಡುವುದೂ ಇಲ್ಲ.

ಕಾಲಿನ ವಿಷಯದಲ್ಲಿ ಮಾತ್ರ ಬಹಳ ಹುಷಾರಾಗಿರಬೇಕು. ಸೊಟ್ಟ ಕಾಲಿನೊಂದಿಗೆ ಹುಟ್ಟಿದ ಮರಿಗೆ ಎಳೆಯದರಲ್ಲೇ ಸರ್ಜರಿ ಮಾಡಿ ನೇರ ಮಾಡಬಹುದು. ಲಾಳ ಕಟ್ಟುವವರು ಜಾಣರಾದರೆ ಗೊರಸಿನ ಓರೆಯನ್ನು ಮರೆಮಾಡಬಹುದು. ಹಾಗಾಗಿ ಲಾಳ ತೆಗೆಸಿ, ಗಟ್ಟಿ ನೆಲದ ಮೇಲೆ ನಡೆಸಿ ನೋಡುತ್ತೇನೆ. ಈಗಿನ ಎಕ್ಸ್‌ರೇ ಜೊತೆಗೆ ಹಳೆಯದನ್ನೂ ಕೇಳುತ್ತೇನೆ. ವಾರ್ಮ್‌ಬ್ಲಡ್‌ಗಳಲ್ಲಿ ಒಸಿಡಿ ಅನ್ನುವ ತೊಂದರೆ ಸಾಮಾನ್ಯ. ಬೆಳೆಯುವ ವಯಸ್ಸಿನಲ್ಲಿ ಕೀಲಿನ ಮೃದು ಎಲುಬು ಸರಿಯಾಗಿ ಗಟ್ಟಿಯಾಗದೆ ಸಣ್ಣ ಚೂರು ಬಿಟ್ಟುಕೊಳ್ಳುತ್ತದೆ. ಅದನ್ನು ಆಪರೇಷನ್ ಮಾಡಿ ತೆಗೆದರೆ ಕುದುರೆ ಜೀವನಪೂರ್ತಿ ಚೆನ್ನಾಗಿ ಜಿಗಿಯಬಹುದು. ಆದರೆ ಆ ಗುಣ ಸ್ವಲ್ಪಮಟ್ಟಿಗೆ ವಂಶದಲ್ಲಿ ಇಳಿದು ಬರುತ್ತದೆ. ಮರಿಗೆ ಮೇವು, ಬೆಳವಣಿಗೆಯ ವೇಗವೂ ಕಾರಣ ನಿಜ, ಆದರೂ ಅಪ್ಪನ ಪಾಲು ಇದ್ದೇ ಇರುತ್ತದೆ. ಕಾಕಾರ ಹತ್ತಿರವಿದ್ದ ಹೊಸ ಎಕ್ಸ್‌ರೇ ಸ್ವಚ್ಛವಾಗಿತ್ತು. ಹಳೆಯ ಮಾಲೀಕರ ಕಾಗದ ತರಿಸಿದಾಗ, ಎಳೆಯ ವಯಸ್ಸಿನಲ್ಲೇ ಎರಡೂ ಹಿಂಗಾಲಿನ ಹಾಕ್‌ನಿಂದ, ಅಂದರೆ ಹಿಂಗಾಲಿನ ನಡುವಿನ ಕೀಲಿನಿಂದ, ಚೂರು ತೆಗೆಸಿದ್ದು ಗೊತ್ತಾಯಿತು.

ತಾಯಿಯ ಬಗ್ಗೆಯೂ ವಿಚಾರಿಸಿದೆ. ನಮ್ಮೂರ ಕಡೆ ಬೀಜದ ಹೋರಿ ಕೊಳ್ಳುವವರು ಅದರ ತಾಯಿ ಎಷ್ಟು ಹಾಲು ಕೊಡುತ್ತಿತ್ತು ಅಂತ ಮೊದಲು ಕೇಳುತ್ತಾರೆ. ಕುದುರೆಗೂ ಹಾಗೇ ಕೇಳಬೇಕು. ಅಪ್ಪನ ಹೆಸರು ದೊಡ್ಡದಿದ್ದರೆ ಸಾಲದು. ತಾಯಿ ಎಷ್ಟು ಮರಿ ಹಾಕಿದೆ, ಅವುಗಳಲ್ಲಿ ಎಷ್ಟು ಹಂಟರ್‌ನಲ್ಲಿ ನಿಂತಿವೆ, ಅವುಗಳನ್ನು ಯಾರು ಹತ್ತಿದ್ದಾರೆ? ಮನೆತನದಲ್ಲಿ ಒಂದೇ ಒಳ್ಳೆಯದು ಹುಟ್ಟಿದ್ದರೆ ಅದು ಅದೃಷ್ಟವಿರಬಹುದು. ಅಕ್ಕ ತಂಗಿಯರೆಲ್ಲ ಒಳ್ಳೆಯವರಾದರೆ ಅದು ರಕ್ತ. ಈ ಕುದುರೆಯ ತಾಯಿಯ ಬೇರೆ ಮರಿಗಳ ಸುದ್ದಿಯೇ ಸಿಗಲಿಲ್ಲ.

ಡಾಕ್ಟರ್ ಮಾಡುವ ಪರೀಕ್ಷೆಗಳು ಗೊತ್ತಿರುವಂಥವೇ. ಗ್ಲಾಂಡರ್ಸ್, ಇನ್ಫೆಕ್ಷಿಯಸ್ ಅನೀಮಿಯಾ ಅನ್ನುವ ಎರಡು ಅಂಟುರೋಗಗಳಿಗೂ ರಕ್ತ ಪರೀಕ್ಷೆ ಆಗಲೇಬೇಕು. ವೈರಲ್ ಆರ್ಟರೈಟಿಸ್ ಅನ್ನುವ ವೈರಸ್ ರೋಗದ ಪರೀಕ್ಷೆಯನ್ನೂ ಮರೆಯಬಾರದು. ನೋಡಲು ಆರೋಗ್ಯವಾಗಿರುವ ಗಂಡು ಕುದುರೆ ವೀರ್ಯದಲ್ಲಿ ಆ ವೈರಸ್ಸನ್ನು ವರ್ಷಗಟ್ಟಲೆ ಹೊತ್ತಿರಬಹುದು, ಅದು ಹರಡಿದರೆ ಹೆಣ್ಣು ಕುದುರೆಗಳ ಗಬ್ಬ ಹೋಗಬಹುದು. ವಾರ್ಮ್‌ಬ್ಲಡ್ ಆದರೆ ಮರಿಯ ಚರ್ಮ ಹರಿಯುವ ಡಬ್ಲ್ಯುಎಫ್‌ಎಫ್‌ಎಸ್ ಅನ್ನುವ ರೋಗದ ಜೀನ್ ಪರೀಕ್ಷೆಯೂ ಬೇಕು, ಬೇರು ಸಮೇತ ಕಿತ್ತ ಕೂದಲು ಸಾಕು. ಅಪ್ಪ ಅಮ್ಮ ಇಬ್ಬರಲ್ಲೂ ಆ ಜೀನ್ ಇದ್ದರೆ ನಾಲ್ಕರಲ್ಲಿ ಒಂದು ಮರಿಗೆ ಆ ರೋಗ ಬರುವ ಸಾಧ್ಯತೆ ಇರುತ್ತದೆ. ಅಂಥ ಮರಿ ಬದುಕುವುದಿಲ್ಲ. ಗಂಡಿನಲ್ಲಿ ಆ ಜೀನ್ ಇದೆ ಅಂತ ಗೊತ್ತಾದರೆ ನಾನು ಅಷ್ಟಕ್ಕೇ ಬೇಡ ಅನ್ನುವುದಿಲ್ಲ, ಹೆಣ್ಣು ಕುದುರೆಗಳನ್ನೂ ಪರೀಕ್ಷೆ ಮಾಡಿಸಿ ಅನ್ನುತ್ತೇನೆ. ವೀರ್ಯದ ರಿಪೋರ್ಟ್ ಕೆಟ್ಟದಾಗಿ ಬಂದರೆ ಎರಡು ತಿಂಗಳು ಬಿಟ್ಟು ಮತ್ತೆ ಮಾಡಿಸಬೇಕು. ವೀರ್ಯಾಣು ತಯಾರಾಗಲು ಸುಮಾರು 57 ದಿನ ಬೇಕು. ಜ್ವರ ಬಂದರೆ, ಏಪ್ರಿಲ್ ಮೇ ಬಿಸಿಲಿಗೆ ಬಳಲಿದರೆ, ಅದರ ಪರಿಣಾಮ ಅಷ್ಟು ದಿನ ಉಳಿಯುತ್ತದೆ.

ಇಷ್ಟೆಲ್ಲ ಆದಮೇಲೆ ಕಾಕಾ ಎದುರು ಕೂತೆ. ಜಿಗಿತ, ನಡೆ ಎರಡೂ ಹುಟ್ಟಿನಿಂದ ಬಂದವು. ಶಾಂತಿ ಲಂಜ್ ಹಗ್ಗದಿಂದ ಬಂದದ್ದು, ಸ್ವಚ್ಛವಾದ ಹಾಕ್ ಆಪರೇಷನ್‌ನಿಂದ. ನಿಮಗೆ ಬೇಕಿರುವುದು ಮಕ್ಕಳು ಹತ್ತುವ ಕುದುರೆ. ಅದಕ್ಕೆ ಮೊದಲು ಬೇಕಾದದ್ದೇ ಇದರಲ್ಲಿ ಇಲ್ಲ ಅಂದೆ.

‘ಇಷ್ಟು ಛಂದ ಜಿಗಿಯೋದನ್ನ ಬೀಜ ತೆಗೆಸಿದ್ರ ಮುಗೀತಲ್ಲೋ ತಮ್ಮಾ,’ ಅಂದರು.

ಅವರ ಸಂಕಟ ನನಗೆ ಅರ್ಥವಾಗುತ್ತದೆ. ಅಮೆರಿಕದ ಜೆಮ್ ಟ್ವಿಸ್ಟ್ ಎಂಬ ಜಂಪಿಂಗ್ ಕುದುರೆ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದಿತು. ಅದರ ಬೀಜ ಆಗಲೇ ತೆಗೆಸಿಯಾಗಿತ್ತು. ಕೊನೆಗೆ 2008ರಲ್ಲಿ ಅದರ ಕ್ಲೋನ್ ಮರಿ ಹುಟ್ಟಿಸಬೇಕಾಯಿತು. ಹಾಗಾಗಿ ಅನುಮಾನವಿದ್ದರೆ ಮೊದಲು ವೀರ್ಯ ಫ್ರೀಜ್ ಮಾಡಿಸಿ ಇಡಿ, ಆಮೇಲೆ ತೆಗೆಸಿ ಅಂತ ಕೆಲವರಿಗೆ ನಾನೇ ಹೇಳಿದ್ದೇನೆ. ಇದರ ವಿಷಯದಲ್ಲಿ ನನಗೆ ಅನುಮಾನವಿರಲಿಲ್ಲ. ಇವತ್ತು ಕ್ರಾಸ್ ಮಾಡಿಸಿದರೆ ಮರಿ ಹುಟ್ಟಲು ಹನ್ನೊಂದು ತಿಂಗಳು, ಅದು ಶೋಗೆ ನಿಂತು ಗುಣ ತೋರಿಸಲು ಇನ್ನೂ ಐದಾರು ವರ್ಷ. ಅಷ್ಟರೊಳಗೆ ಹತ್ತಾರು ಮರಿಗಳು ಹುಟ್ಟಿರುತ್ತವೆ. ಹಾಕ್ ನೋವಿರುವ, ಯಾರೂ ಹತ್ತಲಾಗದ ಮರಿಗಳನ್ನು ಆಮೇಲೆ ಯಾರು ಸಾಕುತ್ತಾರೆ?

ಅದರ ಬದಲು, ಬೆಳೆದ ಮರಿಗಳು ಈಗಾಗಲೇ ಶೋಗಳಲ್ಲಿ ಕಾಣುತ್ತಿರುವ ಹಂಟರ್ ಗಂಡಿನ ಫ್ರೋಜನ್ ವೀರ್ಯ ತರಿಸಿ ಅಂದೆ. ಆಮದಿಗೆ ಸರ್ಕಾರದ ಅನುಮತಿ ಬೇಕು, ಹೆಣ್ಣು ಕುದುರೆ ಬೆದೆಗೆ ಬಂದಾಗ ಸ್ಕ್ಯಾನ್ ಮಾಡುವ ಡಾಕ್ಟರ್ ಹತ್ತಿರದಲ್ಲೇ ಇರಬೇಕು. ಥರೋಬ್ರೆಡ್ ರೇಸ್ ಕುದುರೆಗಳ ವಂಶಾವಳಿ ದಾಖಲೆಯಾದ ಸ್ಟಡ್‌ಬುಕ್‌ಗೆ ಹೀಗೆ ಹುಟ್ಟಿದ ಮರಿ ಸೇರುವುದಿಲ್ಲ, ಅಲ್ಲಿ ನೇರ ಕ್ರಾಸ್ ಮಾತ್ರ ನಡೆಯುತ್ತದೆ. ಸವಾರಿ ಕುದುರೆಗೆ ಆ ತೊಡಕಿಲ್ಲ.

ಬಿಸಿಲು, ನೊಣ ಜಾಸ್ತಿಯಾಗುವ ಮೊದಲೇ ಫೆಬ್ರವರಿಯಲ್ಲಿ ಬೀಜ ತೆಗೆಸಿದರು. ಆಮೇಲೂ ಒಂದೆರಡು ತಿಂಗಳು ಹೆಣ್ಣು ಕುದುರೆಗಳಿಂದ ದೂರ ಇಡಿ ಅಂತ ಸಾಯಿಸ್‌ಗೆ ಹೇಳಿ ಬಂದೆ, ಉಳಿದ ವೀರ್ಯಾಣುಗಳಿಂದ ಗಬ್ಬ ನಿಲ್ಲಬಹುದು. ದಿನಾ ನಡೆಸಬೇಕು, ಇಲ್ಲದಿದ್ದರೆ ಬಾವು ಬರುತ್ತದೆ. ಈಗ ಆ ಕುದುರೆಯನ್ನು ಬೀಜ ತೆಗೆಸಿದ ಬೇರೆ ಗಂಡು ಕುದುರೆಗಳ ಜೊತೆ ಬಯಲಿಗೆ ಬಿಡುತ್ತಾರೆ. ಜಿಗಿತ ಮೊದಲಿನ ಹಾಗೇ ಇದೆ. ಕಾಕಾರ ಎರಡು ಹೆಣ್ಣು ಕುದುರೆಗಳ ಕಾಲು, ಸ್ವಭಾವ ನೋಡಿ ಒಂದನ್ನು ಮಾತ್ರ ಒಪ್ಪಿದ್ದೇನೆ. ಮುಂದಿನ ಸೀಸನ್‌ಗೆ ಅದರ ಪರೀಕ್ಷೆಗಳು ಶುರುವಾಗಿವೆ.